ಅಮ್ಮನ ಶಿಫ್ಟ್ ಮುಗಿಯಿತು

ಗೆಳೆಯರೇ, ಹೃದಯಾಘಾತವಾಗಿ ಐಸಿಯುನಲ್ಲಿರುವ ನಮ್ಮಪ್ಪ ಪೀಣ್ಯದ ಕಾರ್ಖಾನೆಯೊಂದರ ಶಿಫ್ಟ್ ಸೂಪರ್‌ವೈಸರ್. ಅವರ ಪಕ್ಕದಲ್ಲಿರಲು ನಾನು ಬಂದರೂ ಅಮ್ಮ ಮನೆಗೆ ಹೋಗಲು ಸುತರಾಂ ಒಪ್ಪಿರಲಿಲ್ಲ. ಇವತ್ತು ಬೆಳಿಗ್ಗೆ, ರಾತ್ರಿ ಪಾಳಿಯ ನರ್ಸ್ ಹಗಲು ಪಾಳಿಯ ನರ್ಸ್‌ಗೆ ಬಿಪಿ, ಡ್ರಿಪ್, ಮಾತ್ರೆ ಎಲ್ಲವನ್ನೂ ಹಾಸಿಗೆಯ ಪಕ್ಕದಲ್ಲೇ ನಿಂತು ಒಪ್ಪಿಸಿದರು. ಅಪ್ಪ ಮೆಚ್ಚಿ ತಲೆದೂಗಿ, ಅಮ್ಮನಿಗೆ ಅಂದರು: "ನೋಡ್ದಾ? ರಿಲೀವರ್ ಬಂದ್ಮೇಲೂ ಹೋಗ್ದೆ ಇರೋಳು ನೀನೊಬ್ಳೇ."

ಹೊರಟ ನರ್ಸ್ ನಕ್ಕರು. "ನೀವೂ ಮಗನಿಗೆ ಒಪ್ಪಿಸ್ಬಿಡಿ ಆಂಟಿ, ಒಟ್ಟಿಗೆ ಹೋಗೋಣ."

ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದಳು. "ಅಪ್ಪ ಬೈದ್ರೆ ಎದುರು ಮಾತಾಡ್ಬೇಡ. ಕಣ್ಮುಚ್ಚಿ ಸುಮ್ನಿದ್ರೆ ಅದು ನಿದ್ದೆಯಲ್ಲ, ಭಯ. ಕೈ ಹಿಡ್ಕೊ."

ಅವಳು ಬಾಗಿಲು ದಾಟುವಾಗ ಅಪ್ಪ ಕೂಗಿದರು: "ಬೇಗ ಬಾರೇ, ಇವ್ನಿನ್ನೂ ಟ್ರೈನಿ."

ಇದನ್ನು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಇನ್ನೊಂದನ್ನು ಸೂಪರ್‌ವೈಸರ್ ಬಿಡುತ್ತಿಲ್ಲ.