ದಾದಾಪೀರ ಕೇಳಿಸಿಕೊಂಡ ನೊಣ

ಬೆಟಗೇರಿಯ ದಾದಾಪೀರನ ಕಿವಿಯ ಬಗ್ಗೆ ಗದಗ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇಲ್ಲದ್ದನ್ನೂ ಸೇರಿಸಿ ಹೇಳುತ್ತಾರೆ. ಹಾರ್ಮೋನಿಯಂ ರಿಪೇರಿ ಅವನ ಕಸುಬು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ, ಹಾಗಾಗಿ ಅವನು ಪೇಟಿ ದಾದಾಪೀರ. ಮುಂಡರಗಿಯ ಭಜನಾ ಮೇಳವಿರಲಿ, ಶಿರಹಟ್ಟಿಯ ಸಂಗೀತ ಶಾಲೆಯಿರಲಿ, ಡೋಣಿಯ ನಾಟಕದವರಿರಲಿ, ಪೇಟಿ ಸ್ವರ ಬಿಟ್ಟಿತೆಂದರೆ ಬಸ್ಸಿಗೆ ಹಾಕಿಕೊಂಡು ಬೆಟಗೇರಿಗೇ ಬರಬೇಕು. ಒಳಗಿನ ಹಿತ್ತಾಳೆಯ ಪಟ್ಟಿಯನ್ನು ಅರದಿಂದ ಒಂದಿಷ್ಟೇ ಇಷ್ಟು ಉಜ್ಜುವುದು, ತಿದಿ ಒತ್ತಿ ಕೇಳುವುದು, ಮತ್ತೆ ಉಜ್ಜುವುದು. ಮೂವತ್ತೆಂಟು ವರ್ಷ ಇದನ್ನೇ ಮಾಡಿದ್ದಾನೆ. ಅವನು ಹೂಂ ಅಂದರೆ ಸ್ವರ ಕೂಡಿತು ಅಂತಲೇ ಲೆಕ್ಕ. ದೊಡ್ಡ ದೊಡ್ಡ ಗವಾಯಿಗಳೂ ಆ ಹೂಂಗೆ ಕಾಯುತ್ತಾ ಅವನ ಕಟ್ಟೆಯ ಮೇಲೆ ಕೂತಿದ್ದುಂಟು.

ಈಗ ಗುಟ್ಟು ಹೇಳಿಬಿಡುತ್ತೇನೆ. ಎರಡೂವರೆ ವರ್ಷದಿಂದ ಅವನಿಗೆ ಮೇಲಿನ ಸ್ವರಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅದನ್ನು ಮೊದಲು ಹಿಡಿದವಳು ಹೆಂಡತಿ ಖಾತುನಬಿ. ಬಟ್ಟೆ ಒಣಹಾಕಿ ಬಂದು, "ಕುಕ್ಕರ್ ಎಷ್ಟು ಸೀಟಿ ಹೊಡೀತ್ರಿ?" ಅಂದಳು. "ಇನ್ನೂ ಒಂದೂ ಹೊಡದಿಲ್ಲ" ಅಂದ ಪಕ್ಕದಲ್ಲೇ ಕೂತಿದ್ದ ದಾದಾಪೀರ. ಬೇಳೆ ತಳ ಹಿಡಿದು ವಾಸನೆ ಬರುತ್ತಿತ್ತು. ಆಕೆ ಗಂಡನ ಮುಖವನ್ನೇ ನೋಡಿ, "ಗದಗಕ್ಕ ಹೋಗಿ ಕಿವಿ ತೋರಿಸ್ರಿ" ಅಂದಳು. "ಹುಚ್ಚೇನು ನಿನಗ? ದವಾಖಾನಿಯಾಗ ಕುಂತವ್ರೆಲ್ಲಾ ನನ್ನ ಗುರ್ತಿನವ್ರು. ಸಂಜೀಕ ಊರ ತುಂಬ ಖಬರ ಆಗತೈತಿ" ಅಂದ. ಅಲ್ಲಿಗೆ ಆ ಮಾತು ನಿಂತಿತು.

ಮಗಳು ಗುಲ್ನಾಜ ಅವನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಸ್ವರ ಸರಿಯಿದ್ದರೆ ಅದರಲ್ಲಿ ಮುಳ್ಳು ನಟ್ಟನಡುವೆ ಬಂದು ಹಸಿರಾಗುತ್ತದೆ. ಫೋನನ್ನು ತಿದಿಯ ಹಿಂದೆ, ಗಿರಾಕಿಗೆ ಕಾಣದ ಹಾಗೆ ಇಟ್ಟುಕೊಳ್ಳುತ್ತಿದ್ದ. ಹಸಿರು ಬಂದ ಮೇಲೆ ಕಣ್ಣು ಮುಚ್ಚಿ, ತಲೆದೂಗಿ, ಹೂಂ ಅನ್ನುತ್ತಿದ್ದ. ಪೇಟಿ ಸರಿಯಾಗುತ್ತಿತ್ತು, ಅದರಲ್ಲಿ ಮೋಸವಿರಲಿಲ್ಲ. ಕಣ್ಣು ಮುಚ್ಚುತ್ತಿದ್ದನಲ್ಲ, ಅದು ಮೋಸ. ಗಿರಾಕಿ ಕೈಮುಗಿದು ಹೋದ ಮೇಲೆ ಅವನಿಗೆ ಸ್ವಲ್ಪ ಹೊತ್ತು ತಲೆ ಎತ್ತಲಾಗುತ್ತಿರಲಿಲ್ಲ.

ಇಷ್ಟರಲ್ಲೇ ಇದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನಡುವೆ ಮುದಕಪ್ಪ ಬಂದ.

ಮುದಕಪ್ಪನೂ ದಾದಾಪೀರನೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಮುದಕಪ್ಪ ಎರಡು ಓಣಿ ಆಚೆ ಆ್ಯಂಪ್ಲಿಫೈಯರ್ ಮಾಡುತ್ತಾನೆ. ರೇಡಿಯೋ, ಟೇಪು, ಫೋನು ಯಾವುದರಿಂದ ಬಂದರೂ ಹಾಡಿನ ಸಣ್ಣ ಜೀವಕ್ಕೆ ಸ್ಪೀಕರನ್ನು ಅಲ್ಲಾಡಿಸುವ ಬಲ ಕೊಡುವ ಡಬ್ಬಿ ಅದು. ಬಿಡಿಭಾಗ ತಂದು ಜೋಡಿಸುವ ಪೈಕಿ ಅಲ್ಲ ಇವನು. ಟ್ರಾನ್ಸ್‌ಫಾರ್ಮರಿನ ತಂತಿಯನ್ನೂ ಕೈಯಿಂದ ತಿರುಗಿಸುವ ಮಷಿನ್ನಿನ ಮೇಲೆ ತಾನೇ ಸುತ್ತುತ್ತಾನೆ, ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಮೈಮೇಲೆ ಬರುತ್ತಾನೆ. ಅವನು ಮಾಡಿದ ಡಬ್ಬಿಗಳು ಹಿರೇವಡ್ಡಟ್ಟಿಯ ಭಜನೆಯಿಂದ ಹಿಡಿದು ಲಕ್ಷ್ಮೇಶ್ವರದ ಪುಂಡಲೀಕಪ್ಪ ಸಾವಕಾರರ ಮನೆಯ ತನಕ ಹಾಡುತ್ತಿವೆ.

ಪುಂಡಲೀಕಪ್ಪನವರು ಮೆಣಸಿನಕಾಯಿ ವ್ಯಾಪಾರಸ್ಥರು. ಗಾಯನದ ಹುಚ್ಚು ವಿಪರೀತ. ಹೋದ ವರ್ಷ ಹುಬ್ಬಳ್ಳಿಯ ಅಂಗಡಿಯವನೊಬ್ಬ ಅವರಿಗೆ ವಿದೇಶದ ಆ್ಯಂಪ್ಲಿಫೈಯರಿನ ರುಚಿ ಹತ್ತಿಸಿದ. ಬೆಲೆ ಐದೂಕಾಲು ಲಕ್ಷ. ಸಾವಕಾರರಿಗೆ ಆಸೆಯೂ ಆಯಿತು, ಹೊಟ್ಟೆಯೂ ಉರಿಯಿತು. ಕೊನೆಗೆ ಮುದಕಪ್ಪನನ್ನು ಕರೆಸಿದರು. "ನಿನ್ನ ಕೈಲೆ ಎಷ್ಟ ಛಲೋ ಆಗತೈತಿ ಅಷ್ಟ ಛಲೋ ಒಂದ ಮಾಡಕೊಂಡು ಬಾ. ಎರಡೂ ಮುಂದ ಇಟಗೊಂಡು ಕೇಳೂಣು. ದಾದಾಪೀರ ಯಾವದ ಹೇಳತಾನ, ಅದನ್ನ ಇಟಗೋತೀನಿ" ಅಂದರು. ಸಾವಕಾರರಂಥ ಇನ್ನೂ ಮೂರು ಮಂದಿ ಹವ್ಯಾಸಿಗಳು ಯಾವುದನ್ನು ಕೊಳ್ಳುವುದೆಂದು ಇದರ ತೀರ್ಮಾನಕ್ಕೇ ಕಾಯುತ್ತಿದ್ದರು. ಮುದಕಪ್ಪ ಎರಡು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಎಲ್ಲಾ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಸಿದ. "ಜನ್ಮದಾಗ ಇಂಥಾದ್ದು ಮಾಡಿದ್ದಿಲ್ಲೋ ದಾದು" ಅಂದ. ಎರಡೂ ಕಣ್ಣು ಕೆಂಪಾಗಿದ್ದವು.

ಲಕ್ಷ್ಮೇಶ್ವರದ ಪಡಸಾಲೆಯಲ್ಲಿ ಆ ವಿದೇಶದ ಯಂತ್ರವನ್ನು ಇಬ್ಬರು ಆಳುಗಳು ಎತ್ತಿ ಇಟ್ಟರು. ಮುಖದ ತಗಡೇ ಬೆರಳಿನಷ್ಟು ದಪ್ಪ. ಪಕ್ಕದಲ್ಲಿ ಮುದಕಪ್ಪನ ಡಬ್ಬಿ ಮದುವೆಗೆ ಹಳೆ ಅಂಗಿ ಹಾಕಿಕೊಂಡು ಬಂದ ನೆಂಟನ ಹಾಗೆ ಕೂತಿತ್ತು.

"ಇದರಾಗ ಹಾಡೂವ್ರು ಉಸರ ತಗೊಂಡದ್ದೂ ಕೇಳಸತೈತ್ರಿ" ಅಂದ ಅಂಗಡಿಯವ.

"ಉಸರ ಕೇಳಾಕ ಐದ ಲಕ್ಷ ಯಾಕ್ರಿ, ಬಾಜೂಕ ಹೋಗಿ ಕುಂತರ ಕೇಳತೈತಿ" ಅಂದ ಮುದಕಪ್ಪ. ಸಾವಕಾರರು ಹೊಟ್ಟೆ ಕುಣಿಸಿ ನಕ್ಕರು. ಮುದಕಪ್ಪ ನಗಲಿಲ್ಲ. "ಅದರಾಗೂ ತಾಮ್ರ, ಇದರಾಗೂ ತಾಮ್ರ. ತಗಡಿಗೆ ರೊಕ್ಕ ತಗೋತಾರ, ಹೆಸರಿಗೆ ತಗೋತಾರ, ಹಡಗಿನ್ಯಾಗ ಬಂದದ್ದಕ್ಕ ತಗೋತಾರ. ಅದರಾಗ ಕಿವಿಗೆ ಮುಟ್ಟೂದು ಎಷ್ಟು, ಅದನ್ನ ದಾದು ಹೇಳಲಿ."

ಒಬ್ಬ ಹೆಣ್ಣುಮಗಳು ಹಾಡಿದ ಯಮನ್ ರಾಗದ ರೆಕಾರ್ಡು. ಅದೇ ಎರಡು ನಿಮಿಷದ ಆಲಾಪವನ್ನು ಮೊದಲು ಅದರಲ್ಲಿ, ಆಮೇಲೆ ಇದರಲ್ಲಿ ಹಾಕಿದರು. ದಾದಾಪೀರ ರೂಢಿಯಂತೆ ಕಣ್ಣು ಮುಚ್ಚಿದ.

ಎರಡೂ ಒಂದೇ ಕೇಳಿಸಿದವು.

ಇನ್ನೊಮ್ಮೆ ಹಾಕಿಸಿದ. ಆಗಲೂ ಒಂದೇ. ನಿಜಕ್ಕೂ ಒಂದೇ ಇವೆಯೋ, ತನ್ನ ಹಾಳು ಕಿವಿಗೆ ಮಾತ್ರ ಒಂದೇ ಆಗಿವೆಯೋ? ಒಂದೇ ಐತ್ರಿ ಅಂದರೆ ಈ ಅಂಗಡಿಯವ ಬಿದ್ದು ಬಿದ್ದು ನಗುತ್ತಾನೆ, ನಾಳೆಯಿಂದ ಯಾವ ಪೇಟಿಯೂ ಬೆಟಗೇರಿಯ ಬಸ್ಸು ಹತ್ತುವುದಿಲ್ಲ. ಐದೂಕಾಲು ಲಕ್ಷದ್ದು ಹದಿನೆಂಟು ಸಾವಿರದ್ದಕ್ಕಿಂತ ಮೇಲಿಲ್ಲದೆ ಹೋಗುತ್ತದೆಯೇ? ಬೆಲೆಯನ್ನೇ ಕಿವಿ ಮಾಡಿಕೊಂಡು ಅವನು ಕೈಯನ್ನು ದೊಡ್ಡದರ ಕಡೆ ತೋರಿಸಿಬಿಟ್ಟ.

"ಮುದಕಪ್ಪಂದರಾಗ ಏನ ಕಡಿಮಿ ಐತ್ರಿ ಮಾಸ್ತರ?" ಕೇಳಿದರು ಪುಂಡಲೀಕಪ್ಪ.

ಈಗ ಏನಾದರೂ ಹೇಳಲೇಬೇಕಲ್ಲ. ಬಾಯಿಗೆ ಬಂದದ್ದು ಹೇಳಿದ. "ಮ್ಯಾಲಿನ ಸ್ವರಕ್ಕ ಹೋದಾಗ ಹಿಂದ ಒಂದ ನೊಣ ಗುಂಯ್ ಅಂದಂಗ ಆಗತೈತ್ರಿ."

"ನನ್ನ ಬಾಯಾಗಿಂದು ತಗದ್ರಿ ನೋಡ್ರಿ" ಅಂದ ಅಂಗಡಿಯವ. ಸಾವಕಾರರು ಮತ್ತೆ ಹಾಕಿಸಿ, ಕತ್ತು ಓರೆ ಮಾಡಿ ಕೇಳಿ, "ಹೌದಲ್ರೀ, ಐತಿ ನೊಣ" ಅಂದರು. ಇಲ್ಲದ ನೊಣ ಒಂದು ಗಳಿಗೆಯಲ್ಲಿ ಪಡಸಾಲೆಯವರಿಗೆಲ್ಲ ಕೇಳಿಸಿತು, ಕಾಫಿ ತಂದವಳಿಗೂ ಕೇಳಿಸಿತು. ಕೇಳಿಸದೆ ಉಳಿದವನು ಮುದಕಪ್ಪ ಒಬ್ಬನೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮುದಕಪ್ಪ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ದಾದಾಪೀರ ಕಿಟಕಿಯ ಹೊರಗೆ ನೋಡುತ್ತಿದ್ದ. ಬೈಯಲಿ, ಒಂದೆರಡು ಕೆಟ್ಟ ಮಾತು ಆಡಲಿ ಅಂತ ಕಾಯುತ್ತಿದ್ದ. ಗದಗ ಹತ್ತಿರ ಬಂದಾಗ ಮುದಕಪ್ಪ ಹೇಳಿದ: "ನೀ ಹೇಳಿದ್ದು ಛಲೋ ಆತು. ಬ್ಯಾರೆಯವ್ರಾಗಿದ್ರ ದೋಸ್ತನ ಮುಖ ನೋಡಿ ಸುಳ್ಳ ಹೇಳತಿದ್ರು." ದಾದಾಪೀರನಿಗೆ ಬಸ್ಸಿನಿಂದ ಹಾರಿಬಿಡೋಣ ಅನ್ನಿಸಿತು.

ಅಲ್ಲಿಂದ ನೊಣದ ಬೇಟೆ ಶುರುವಾಯಿತು. ಮುದಕಪ್ಪ ಕೆಪ್ಯಾಸಿಟರ್ ಬದಲಿಸಿದ. ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಟ್ರಾನ್ಸ್‌ಫಾರ್ಮರನ್ನೇ ಬಿಚ್ಚಿ ಇನ್ನೊಮ್ಮೆ ಸುತ್ತಿದ. ಪ್ರತಿ ಸಲವೂ ಡಬ್ಬಿ ಹೊತ್ತು ದಾದಾಪೀರನ ಮನೆಗೆ ಬರುತ್ತಿದ್ದ. "ನೊಣ ಸತ್ತೈತೇನು ನೋಡಪಾ." ದಾದಾಪೀರ ಕಣ್ಣು ಮುಚ್ಚುತ್ತಿದ್ದ. ಮೊದಲ ಸಲವೇ ಹೋಯಿತು ಅಂದರೆ ಸಂಶಯ ಬಂದೀತೆಂದು "ಸ್ವಲ್ಪ ಕಡಿಮಿ ಆಗೈತಿ" ಅಂದ. ಎರಡನೆಯ ಸಲ "ಇನ್ನೂ ಸ್ವಲ್ಪ" ಅಂದ. ಏನು ಮನುಷ್ಯನಪ್ಪಾ ಇವನು ಅಂತ ನೀವು ಅಂದರೆ ತಪ್ಪಿಲ್ಲ, ಅವನೂ ಹಾಗೇ ಅಂದುಕೊಳ್ಳುತ್ತಿದ್ದ. ಮೂರನೆಯ ಸಲಕ್ಕೆ ತಡೆಯದೆ "ಪೂರಾ ಹೋತು. ಈಗ ಬಂಗಾರ ಆಗೈತಿ" ಅಂದುಬಿಟ್ಟ.

ಮುದಕಪ್ಪ ಹಿಗ್ಗುತ್ತಾನೆ ಅಂದುಕೊಂಡಿದ್ದ. ಮುದಕಪ್ಪನ ಮುಖ ಇಳಿದುಹೋಯಿತು.

"ಇದ್ದಾಗೂ ನನಗ ಕೇಳಲಿಲ್ಲ, ಹೋದಾಗೂ ಗೊತ್ತಾಗಲಿಲ್ಲ" ಅಂದ. "ಹಂಗಾರ ನನ್ನ ಕಿವಿ ಹೋದವು." ಚಹಾ ಕುಡಿಯದೆ ಡಬ್ಬಿ ಎತ್ತಿಕೊಂಡು ಎದ್ದ.

ವಾರದ ಮೇಲೆ ಖಾತುನಬಿ ನಲ್ಲಿಗೆ ನೀರು ತರಲು ಹೋದವಳು ಮುದಕಪ್ಪನ ಹೆಂಡತಿ ಅಮೃತವ್ವನ ಬಾಯಿಂದ ಎಲ್ಲ ಕೇಳಿ ಬಂದಳು. ಕೊಡ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಗಂಡನ ಎದುರು ನಿಂತಳು. "ಮುದಕಪ್ಪಣ್ಣ ಅಂಗಡಿ ಬಂದ್ ಮಾಡ್ತಾನಂತ. ತಂತಿ ಸುತ್ತೂ ಮಷಿನ್ನು ಮಾರಿದಾನಂತ, ಇವತ್ತ ಮಧ್ಯಾಹ್ನ ಮುಂಡರಗಿಯವ್ರು ಒಯ್ಯಾಕ ಬರ್ತಾರಂತ. ಗದಗಕ್ಕ ಹೋಗಿ ಕಿವಿ ತೋರಿಸಿದ್ರ ಡಾಕ್ಟರು ಕಿವಿ ಛಲೋ ಅದಾವ ಅಂದ್ರಂತ. ಅವಾ ನಂಬವಲ್ಲ. ಡಾಕ್ಟರು ಮಷಿನ್ ನೋಡಿ ಹೇಳತಾರ, ದಾದು ಕಿವಿಲೆ ಕೇಳಿ ಹೇಳ್ಯಾನ ಅಂತಾನಂತ." ದನಿ ತಗ್ಗಿಸಿ ಅಂದಳು: "ನಿಮ್ಮ ಕಿವಿ ಹೋದದ್ದಕ್ಕ ಅವನ ಅಂಗಡಿ ಯಾಕ ಹೋಗಬೇಕ್ರೀ?"

ದಾದಾಪೀರ ಎದ್ದ. ಎಲ್ಲವೂ ಕೇಳಿಸಿತ್ತು, ಒಂದಕ್ಷರ ಬಿಡದೆ. ಚಪ್ಪಲಿ ಮೆಟ್ಟಿದ್ದು ನೆನಪಿಲ್ಲ. ಎರಡು ಓಣಿ ದಾಟುವಷ್ಟರಲ್ಲಿ ಮೂರು ಸಲ ತಿರುಗಿ ಹೋಗಿಬಿಡೋಣ ಅನ್ನಿಸಿತು. ಎದುರು ಸಿಕ್ಕವರು ಸಲಾಂ ಮಾಸ್ತರ ಅಂದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು.

ಮುದಕಪ್ಪ ಮಷಿನ್ನಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಅಂಗಡಿ ಅರ್ಧ ಖಾಲಿಯಾಗಿತ್ತು. "ಬಾರಪಾ ದಾದು, ಈ ತುದಿ ಹಿಡಿ" ಅಂದ. ದಾದಾಪೀರ ಹಿಡಿಯಲಿಲ್ಲ.

"ನೊಣ ಇರಲಿಲ್ಲೋ" ಅಂದ.

ಮುದಕಪ್ಪ ಹಗ್ಗದಿಂದ ಕೈ ತೆಗೆಯಲಿಲ್ಲ. "ಏನಂದಿ?"

"ನೊಣ ಇರಲಿಲ್ಲ. ಇದ್ದಿದ್ರೂ ನನಗ ಕೇಳತಿರಲಿಲ್ಲ. ಎರಡೂವರಿ ವರ್ಷ ಆತು, ಮ್ಯಾಲಿನ ಸ್ವರ ನನಗ ಕೇಳೂದಿಲ್ಲ. ಫೋನಿನ್ಯಾಗ ಮುಳ್ಳ ನೋಡಿ ಪೇಟಿ ಕೂಡಸತೀನಿ. ಅವತ್ತ ಎರಡೂ ನನಗ ಒಂದ ಕೇಳಿದ್ವು. ಕಿವುಡಾ ಅಂತಾರಂತ ಹೆದರಿ ನಿಂದರ ಮ್ಯಾಲೆ ಹಾಕಿದೆ." ನೆಲ ನೋಡುತ್ತಲೇ ಹೇಳಿದ. "ನಿನ್ನ ಕಿವಿಗೆ ಏನೂ ಆಗಿಲ್ಲ ಮುದಕಾ. ಮಷಿನ್ ಕೊಡಬ್ಯಾಡ. ನಾಳೆ ಲಕ್ಷ್ಮೇಶ್ವರಕ್ಕ ಹೋಗಿ ಸಾವಕಾರ್ರಿಗೂ ಹೇಳಿ ಬರತೀನಿ."

ಮುದಕಪ್ಪ ಹಗ್ಗ ಬಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತ. ಅವನ ಕಣ್ಣಲ್ಲಿ ಸಿಟ್ಟು ಬಂತು, ಹೋಯಿತು. ಕಪಾಳಕ್ಕೆ ಹೊಡೆದಿದ್ದರೂ ದಾದಾಪೀರ ಇನ್ನೊಂದು ಕೊಡು ಅನ್ನುತ್ತಿದ್ದ.

"ಸಾವಕಾರಗ ಹೇಳಿದ್ರ ನಿನ್ನ ಹತ್ರ ಪೇಟಿ ಯಾರ ತರತಾರ?" ಅಂದ ಮುದಕಪ್ಪ.

"ಯಾರೂ ತರಾಕಿಲ್ಲ."

ಮುದಕಪ್ಪ ತಲೆ ಆಡಿಸಿದ. ಮೊಣಕಾಲ ಮೇಲೆ ಕೈ ಊರಿ ಮುಂದಕ್ಕೆ ಬಾಗಿದ. ದನಿ ಬದಲಾಗಿತ್ತು, ಪರೀಕ್ಷೆಯ ರಿಸಲ್ಟು ಕೇಳುವವರ ದನಿ. "ಅದೆಲ್ಲಾ ಇರಲಿ. ನಂದು ಛಲೋ ಇತ್ತೇನು? ಅದರ ಸರಿಗಟ್ಟ ಇತ್ತೇನು? ಇಷ್ಟ ಹೇಳು."

ಇತ್ತೋ, ಅದಕ್ಕಿಂತ ಮೇಲಿತ್ತು ಅನ್ನುವ ಮಾತು ದಾದಾಪೀರನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟು ಅಂದರೆ ಸಾಕಿತ್ತು, ಗೆಳೆಯ ಎದ್ದು ಹಗ್ಗ ಬಿಚ್ಚುತ್ತಿದ್ದ, ಮೊದಲಿನ ಹಾಗೆ ಬೈಯುತ್ತಿದ್ದ, ಚಹಾ ತರಿಸುತ್ತಿದ್ದ. ಆದರೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು. ಎರಡು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ಮಾಡಿದ ಕೆಲಸಕ್ಕೆ ಒಂದು ಖರೆ ಮಾತು ಸಿಗಬೇಕಿತ್ತು. ಅದನ್ನು ಕೊಡುವ ಕಿವಿ ಅವನ ಹತ್ತಿರ ಇರಲಿಲ್ಲ.

"ನನಗ ಗೊತ್ತಿಲ್ಲೋ ಮುದಕಾ" ಅಂದ.

"ಹಂಗಾರ ನಾ ಇನ್ನ ಯಾರನ್ನ ಕೇಳಬೇಕು?" ಅಂದ ಮುದಕಪ್ಪ.

ದಾದಾಪೀರ ಗದಗ ಸೀಮೆಯನ್ನೆಲ್ಲ ನೆನೆಸಿಕೊಂಡ. ಒಂದು ಹೆಸರೂ ಹೊಳೆಯಲಿಲ್ಲ.