ಅಪ್ಪನ ಐವತ್ತು ಮರಿಗಳು

ಎಣ್ಣೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಯಂತ್ರ ನಡೆಸಿದ ಅಪ್ಪನಿಗೆ ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರಲಾಗಲಿಲ್ಲ. ಮನೆಯ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟರು. ಸುಮ್ಮನೆ ತಿರುಗುತ್ತಿದ್ದ ಫ್ಯಾನು ಬಿಚ್ಚಿ, ಅದು ಕಟಕಟ ಅನ್ನುವಂತೆ ಮಾಡಿಟ್ಟರು. ಕೊನೆಗೆ ನನ್ನ ಹೆಂಡತಿಯ ಕೋಳಿ ಶೆಡ್ಡಿನ ಮೇಲೆ ಅವರ ಕಣ್ಣು ಬಿತ್ತು.

ಮನೆಯ ಹಿಂದೆ ಅವಳು ಆರುನೂರು ಬ್ರಾಯ್ಲರ್ ಸಾಕುತ್ತಾಳೆ. ಮೆಕ್ಕೆಜೋಳ, ಸೋಯಾ ಹಿಂಡಿ ಬೆರೆಸಿ ಆಹಾರವನ್ನು ತಾನೇ ಮಾಡಿಕೊಳ್ಳುತ್ತಾಳೆ. ಆ ವರ್ಷ ಸೋಯಾ ಹಿಂಡಿ ಸಿಗುವುದೇ ಕಷ್ಟವಾಗಿತ್ತು.

"ಸೋಯಾ ಹಿಂದೆ ಯಾಕೆ ಬಿದ್ದಿದೀಯಮ್ಮ? ನಮ್ಮ ಮಿಲ್ಲಲ್ಲಿ ಸೂರ್ಯಕಾಂತಿ ಹಿಂಡಿ ರಾಶಿ ಬಿದ್ದಿದೆ" ಎಂದರು ಅಪ್ಪ.

"ಹಸುಗಳಿಗೆ ಸರಿ ಮಾವ, ಕೋಳಿಗೆ ಆಗುತ್ತಾ?"

"ಹಿಂಡಿ ವಿಷಯ ನನಗೇ ಹೇಳಿಕೊಡ್ತೀಯಾ?"

ಅವಳು ವಾದಕ್ಕೆ ಇಳಿಯಲಿಲ್ಲ. ಹೊಸ ಮರಿಗಳು ಬಂದ ದಿನ ಶೆಡ್ಡಿನ ಮೂಲೆಗೆ ಜಾಲರಿ ಕಟ್ಟಿ, "ಈ ಐವತ್ತು ನಿಮ್ಮವು" ಎಂದಳು. ಅಪ್ಪ ಸೋಯಾವನ್ನು ಪೂರ್ತಿ ತೆಗೆದು, ಅದರ ಜಾಗಕ್ಕೆ ಸೂರ್ಯಕಾಂತಿ ಹಿಂಡಿಯ ಪುಡಿ ಬೆರೆಸಿದರು.

ಹತ್ತು ದಿನಕ್ಕೆ ವ್ಯತ್ಯಾಸ ಕಣ್ಣಿಗೇ ಹೊಡೆಯಿತು. ಅಪ್ಪನ ಮರಿಗಳು ಹೊಟ್ಟೆ ತುಂಬ ತಿನ್ನುತ್ತಿದ್ದವು, ಮೈ ಮಾತ್ರ ಹಿಡಿದಿರಲಿಲ್ಲ. ತೂಗಿದಾಗ ಅಪ್ಪ ತಕ್ಕಡಿಯ ಮೇಲೇ ಅನುಮಾನಪಟ್ಟು, ಅಡುಗೆಮನೆಯಿಂದ ಒಂದು ಕಿಲೋ ಸಕ್ಕರೆ ಪೊಟ್ಟಣ ತಂದು ಇಟ್ಟು ನೋಡಿದರು. ಸರಿಯಾಗಿ ಒಂದು ಕಿಲೋ.

ಮರುದಿನ ಬೆಳಿಗ್ಗೆ ಹೆಂಡತಿ ಒಂದು ಹಿಡಿ ಹಿಂಡಿಯನ್ನು ತಟ್ಟೆಯಲ್ಲಿ ಹರಡಿ ಅವರ ಮುಂದಿಟ್ಟಳು.

"ನಿಮ್ಮ ಹಿಂಡಿ ಕೆಟ್ಟದ್ದಲ್ಲ ಮಾವ. ಸಿಪ್ಪೆ ಎಷ್ಟಿದೆ ನೋಡಿ. ಇಷ್ಟು ನಾರನ್ನ ಎಳೆ ಮರಿ ಹೇಗೆ ಅರಗಿಸಿಕೊಳ್ಳುತ್ತೆ?"

ಅಪ್ಪ ಕಪ್ಪು ಸಿಪ್ಪೆಯ ಚೂರುಗಳನ್ನು ಬೆರಳಲ್ಲಿ ಬಿಡಿಸಿ ನೋಡಿದರು. "ಇಷ್ಟು ವರ್ಷ ಚೀಲ ತುಂಬಿ ಕಳಿಸಿದೆ. ತಿನ್ನೋರು ಯಾರು ಅಂತ ಯೋಚನೆ ಮಾಡಲೇ ಇಲ್ಲ" ಎಂದರು. ಆಮೇಲೆ ಎದ್ದು ಸಣ್ಣ ಕಣ್ಣಿನ ಜರಡಿ ಹುಡುಕಿ ತಂದರು.

ಹೆಂಡತಿ ಆ ಐವತ್ತು ಮರಿಗಳಿಗೂ ಸೋಯಾ ಕೊಡತೊಡಗಿದಳು. ಉಳಿದವುಗಳ ತೂಕ ಮುಟ್ಟಲು ಅವಕ್ಕೆ ಒಂದು ವಾರ ಹೆಚ್ಚೇ ಹಿಡಿಯಿತು. ಮುಂದಿನ ತಂಡದಲ್ಲೂ ಜಾಲರಿಯೊಳಗೆ ಐವತ್ತು ಮರಿ ಬಿಟ್ಟು, ಅವಕ್ಕೆ ಅವಳೇ ಲೆಕ್ಕ ಹಾಕಿದಳು: ಮೊದಲ ಮೂರು ವಾರ ಮೆಕ್ಕೆಜೋಳದ ಜೊತೆ ಬರೀ ಸೋಯಾ, ಆಮೇಲೆ ಸೋಯಾದ ಕಾಲು ಭಾಗ ತೆಗೆದು ಜರಡಿ ಹಿಡಿದ ಸೂರ್ಯಕಾಂತಿ ಪುಡಿ. ಜರಡಿಯ ಮೇಲೆ ಉಳಿದ ತರಿ ಹಾಲಿನವನ ಹಸುಗಳಿಗೆ ಹೋಯಿತು. ಮಾರುವ ದಿನ ಜಾಲರಿಯ ಆಚೆ ಈಚೆ ತೂಗಿದರೆ, ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಅಪ್ಪ ಈ ಸಲ ಸಕ್ಕರೆ ತರಲಿಲ್ಲ.

ಸುದ್ದಿ ತಿಳಿದು ಮಿಲ್ಲಿನ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದರು. ತಮ್ಮ ಮಗನೂ ಕೋಳಿ ಸಾಕುತ್ತಾನೆ, ಎಷ್ಟಕ್ಕೆ ಎಷ್ಟು ಬೆರೆಸಬೇಕು ಎಂದು ಕೇಳಿದರು. ಅಪ್ಪ ಮೈಮೇಲಿನ ಹೊಟ್ಟು ಕೊಡವಿಕೊಂಡರು.

"ಜರಡಿ ಹಿಡಿಯೋದು ನಾನು ತೋರಿಸ್ತೀನಿ. ಎಷ್ಟು, ಯಾವಾಗ ಅನ್ನೋದನ್ನ ಒಳಗೆ ಹೋಗಿ ನನ್ನ ಸೊಸೆನ ಕೇಳು."