ಮಿತೋನ ಗೋರಿ ಆಚೆ, ಸ್ತಮೇನಾ ಈಚೆ

ನಮ್ಮ ದೊಡ್ಡಮ್ಮ ಸ್ತಮೇನಾ ಹುಟ್ಟಿದಾಗ ಊರು ಸುಲ್ತಾನನದು, ಮದುವೆಯಾದಾಗ ಬಲ್ಗೇರಿಯಾದ್ದು, ಮುದುಕಿಯಾದಾಗ ಸರ್ಬಿಯಾ ದೊರೆಯದು. ಅವಳೇನೂ ಊರು ಬಿಟ್ಟು ಕದಲಿರಲಿಲ್ಲ. ಹೆಂಡದಂಗಡಿಯಲ್ಲಿ ಮೇಷ್ಟ್ರು ಹಳೇ ನಕ್ಷೆ ಬಿಚ್ಚಿ, ಸಾವಿರ ವರ್ಷದ ಹಿಂದೆ ನಮ್ಮ ಬಲ್ಗೇರಿಯಾ ಮೂರು ಸಮುದ್ರ ಮುಟ್ಟಿತ್ತು ಎಂದು ಎದೆಯುಬ್ಬಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಸಮುದ್ರ ಕಟ್ಕೊಂಡು ನಾನೇನ್ ಮಾಡ್ಲಿ ಮೇಷ್ಟ್ರೇ? ನನ್ ಗಂಡನ್ ಗೋರಿ ಮುಟ್ಟಕ್ಕಾಗ್ತಿಲ್ಲ, ಅದಕ್ಕೇನಾದ್ರೂ ಹೇಳಿ."

ಬಲ್ಗೇರಿಯಾ ಯುದ್ಧ ಸೋತ ಮೇಲೆ ಎಲ್ಲೋ ಕೂತ ದೊಡ್ಡ ಮನುಷ್ಯರು ಎಳೆದ ಗೆರೆ ನಮ್ಮೂರನ್ನು ಸೀಳಿತ್ತು. ನಮ್ಮ ಮನೆಗಳು ಈಚೆ, ಸ್ಮಶಾನ ಆಚೆ ಬಲ್ಗೇರಿಯಾದಲ್ಲಿ, ನಡುವೆ ಮುಳ್ಳುತಂತಿ. ಗೆರೆ ಎಳೆದವರ ಕೈಗೆ ಲಕ್ವ ಹೊಡೆಯಲಿ ಎಂದು ನಾನು ಇವತ್ತಿಗೂ ಶಪಿಸುತ್ತೇನೆ.

ಸತ್ತವರ ಶನಿವಾರ ಗೋರಿಗೆ ವೈನ್ ಸುರಿಯಬೇಕು. ಆಚೆ ಉಳಿದಿದ್ದ ದೊಡ್ಡಮ್ಮನ ನಾದಿನಿ ಎರಡು ವರ್ಷ ಸುರಿದಳು. ಮೂರನೆಯ ವರ್ಷ ಆಕೆ ಹಾಸಿಗೆ ಹಿಡಿದು, ಬೇರೆ ಊರಿಂದ ಬಂದ ಹೊಸ ಸೊಸೆಯನ್ನು ಕಳಿಸಿದಳು. ಹಿಮ ಬಿದ್ದು ಶಿಲುಬೆಗಳೆಲ್ಲ ಮುಚ್ಚಿದ್ದವು. ಆ ಹೆಣ್ಣು ಮಿತೋ ದೊಡ್ಡಪ್ಪನನ್ನು ಬಿಟ್ಟು, ಅವನ ಜಮೀನು ನುಂಗಿದ ದಾಯಾದಿಯ ಗೋರಿಗೆ ಪೂರ್ತಿ ಸೀಸೆ ಬಗ್ಗಿಸಿದಳು!

"ಅಯ್ಯೋ ಮುಂಡೇದೇ, ಅವನಿಗಲ್ಲ ಕಣೇ! ಎಡಕ್ಕೆ, ಎಡಕ್ಕೆ!"

ತಂತಿಯ ಈಚೆಯಿಂದ ಕೂಗಿ ಕೂಗಿ ಸಾಕಾಗಿ ದೊಡ್ಡಮ್ಮ, ಸತ್ತವರ ಹೆಸರಲ್ಲಿ ಹಂಚುವ ಗೋಧಿಯ ಗಂಟು ಹಿಡಿದು ತಂತಿಯ ಕೆಳಗೆ ನುಸುಳಿದಳು. ನಾನು ಅವಳ ಲಂಗ ಹಿಡಿದೆ.

"ದೊಡ್ಡಮ್ಮ, ಗುಂಡು ಹಾರಿಸ್ತಾರೆ!"

"ಹಾರಿಸ್ಲಿ ಬಿಡೇ. ಅಲ್ಲೇ ಹೂಳಿದ್ರಾಯ್ತು."

ಸರ್ಬಿಯಾದ ಕಾವಲುಗಾರ ನೋಡಿಯೂ ನೋಡದವನಂತೆ ನಿಂತ. ಅವಳನ್ನು ತಡೆದವನು ಆಚೆಯವನು, ನಮ್ಮ ಮಾತನ್ನೇ ಆಡುವ ಬಲ್ಗೇರಿಯಾದ ಮೀಸೆ ಸಿಪಾಯಿ. ಗೋರಿಗೆ ಇನ್ನು ಐದೇ ಹೆಜ್ಜೆ ಇತ್ತು.

"ಕಾಗದ ಎಲ್ಲಮ್ಮ? ನೀವು ಪರದೇಶದವ್ರು. ವಾಪಸ್ ನಡೀರಿ."

ಪರದೇಶದವಳಂತೆ! ಇಬ್ಬರು ಗಂಡುಮಕ್ಕಳನ್ನು ಅವನದೇ ಸೇನೆಗೆ ಕೊಟ್ಟು ಕಳೆದುಕೊಂಡವಳು.

ದೊಡ್ಡಮ್ಮ ಅಳಲಿಲ್ಲ. ಗಂಟು ಬಿಚ್ಚಿ, ಬೇಯಿಸಿದ ಗೋಧಿಯನ್ನು ಅವನ ಅಂಗೈಗೆ ಒಂದು ಹಿಡಿ ತುರುಕಿದಳು.

"ತಿನ್ನು. ಅವನ ಹೆಸ್ರು ಮಿತೋ."

ಸತ್ತವರ ಗೋಧಿಯನ್ನು ಯಾರೂ ಬೇಡವೆನ್ನುವಂತಿಲ್ಲ. ತಿಂದವರು ಸತ್ತವನ ಪರವಾಗಿ ದೇವರಲ್ಲಿ ಕ್ಷಮೆ ಕೇಳದೆ ಹೋಗುವಂತಿಲ್ಲ. ಸಿಪಾಯಿ ಟೋಪಿ ತೆಗೆದು ತಿಂದ.

"ದೇವ್ರು ಮಿತೋನನ್ನ ಕ್ಷಮಿಸ್ಲಿ," ಅಂದ.

"ಅವನನ್ನ ಕ್ಷಮಿಸ್ಲಿ," ಅಂದಳು ದೊಡ್ಡಮ್ಮ. "ನಿಮ್ಮನ್ನಲ್ಲ."